ಇನ್ನೂ ನೀರಿರೋ ಗಿಟಾರು

ಈ ಪ್ರಪಂಚದ ಅತಿ ದೊಡ್ಡ ಗಿಟಾರಿಸ್ಟ್ ಇರೋದು ಮಾದಿಹಳ್ಳೀಲಿ. ಸದ್ಯಕ್ಕೆ ಈ ವಿಷಯ ಗೊತ್ತಿರೋದು ಅವರೊಬ್ಬರಿಗೇ. ಅವರು ನಮ್ಮಮ್ಮನ ಅಣ್ಣ, ಅಂದ್ರೆ ನನ್ನ ಮಾವ. ನಾನೂ ಈ ಮಾತನ್ನ ಪೂರ್ತಿ ಒಪ್ತೀನಿ, ರಜಕ್ಕೆ ಅರಸೀಕೆರೆಯಿಂದ ಬಂದು ಅವರ ಮನೇಲಿ ಇರೋವಷ್ಟು ದಿನ. ಊಟ ಹಾಕೋರನ್ನ ಎದುರು ಹಾಕ್ಕೊಳ್ಳೋಕೆ ನಾನೇನು ದಡ್ಡೀನಾ?

ಮಾವಂದು ತೆಂಗಿನ ತೋಟ. ಮನೆ ಅಟ್ಟದ ತುಂಬ ಕೊಬ್ಬರಿ ಆಗೋಕೆ ಬಿಟ್ಟಿರೋ ಕಾಯಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಆಗೋವರೆಗೂ ಅವು ಅಲ್ಲಿಂದ ಅಲ್ಲಾಡಲ್ಲ. ಅವುಗಳ ಮಧ್ಯ ಮಹಾರಾಜನ ಥರ ಮಲಗಿರುತ್ತೆ ಮಾವನ ಗಿಟಾರು. "ಮರಾನೂ ಹದ ಆಗ್ಬೇಕು ಕಣವ್ವ" ಅಂತಾರೆ. ಅದರ ತಂತಿಗೆ ಕೊಬ್ಬರಿ ಎಣ್ಣೆ ಬೇರೆ ಸವರ್ತಾರೆ. ಬಾರಿಸೋಕೆ ಕೂತ್ರೆ ಬೆರಳು ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಹೋಗಿ ನಿಲ್ಲುತ್ತೆ. ಅದಕ್ಕೆ ಅವರು ಸ್ಪೀಡು ಅಂತಾರೆ. ಆ ಸ್ಪೀಡಲ್ಲಿ ಅರ್ಧ ಪಾಲು ಎಣ್ಣೇದು!

ನಾನೂ ಗಿಟಾರ್ ಬಾರಿಸ್ತೀನಿ. ಬಾರಿಸ್ತೀನಿ ಅಂದ್ರೆ, ಹಿಡ್ಕೊಂಡು ರೀಲ್ ಮಾಡ್ತೀನಿ. ಕೂದಲು ಒಂದು ಕಡೆ ಬಿಟ್ಕೊಂಡು, ಕಿಟಕಿ ಬೆಳಕಲ್ಲಿ ಕೂತ್ರೆ ಸಾಕು, ಮಿಕ್ಕಿದ್ದು ಫೋನ್ ನೋಡ್ಕೊಳ್ಳುತ್ತೆ. ಹಂಗಾಗಿ ನಂಗೂ ಮಾವಂಗೂ ಯಾವಾಗಲೂ ಒಂದೇ ಜಗಳ. ದೊಡ್ಡ ಗಿಟಾರಿಸ್ಟ್ ಆಗೋದು ಹೆಸರಿಂದಲಾ, ಕೈಯಿಂದಲಾ?

"ನನ್ನ ರೀಲ್‌ನ ಸಾವಿರಾರು ಜನ ನೋಡಿದಾರೆ ಮಾವ."

"ನೋಡವ್ರೆ ಸರಿ. ಕೇಳಿರೋರು ಎಷ್ಟು ಜನ?"

"ನಿಮ್ಮದನ್ನ ಎಷ್ಟು ಜನ ಕೇಳಿದಾರೆ?"

"ನಂದು ಕೈ. ಕೈ ಇದ್ರೆ ಹೆಸರು ತಾನಾಗೇ ಬತ್ತದೆ."

ಹೆಸರು ಬರಲಿ ಅಂತ ಒಂದು ಸಲ ಅವರು ಗಿಟಾರ್ ಎತ್ಕೊಂಡು ಹಳೇಬೀಡಿಗೂ ಹೋಗಿದ್ರು. ದೇವಸ್ಥಾನದ ಎದುರು ಹುಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ಬಾರಿಸ್ತಿದ್ರಂತೆ. ಕಣ್ಣು ಬಿಟ್ಟರೆ ಎದುರಿಗೆ ಟೂರಿಸ್ಟ್ ಒಬ್ಬರು ಕ್ಯಾಮೆರಾ ಹಿಡ್ಕೊಂಡು ನಿಂತವ್ರೆ. ಮಾವ ಕಾಲರ್ ಸರಿ ಮಾಡ್ಕೊಂಡು, ಮುಖ ಸ್ವಲ್ಪ ಎತ್ತಿದ್ರಂತೆ. ಆ ಟೂರಿಸ್ಟ್ ಬಹಳ ಮರ್ಯಾದೆಯಿಂದ ಕೇಳಿದ್ರಂತೆ: "ಸರ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಹಿಂದೆ ಗೋಡೆ ಮೇಲಿನ ಆನೆಗಳು ಕಾಣ್ತಿಲ್ಲ."

ಆದ್ರೆ ಒಳಗಿನ ಸತ್ಯ ಏನಪ್ಪಾ ಅಂದ್ರೆ, ಮಾವಂಗೆ ಟೂರಿಸ್ಟೂ ಬೇಡ, ಸಾವಿರ ಜನಾನೂ ಬೇಡ. ಅವರಿಗೆ ಬೇಕಾಗಿರೋದು ಒಬ್ಬರ ಬಾಯಲ್ಲಿ ಒಂದು ಮಾತು. ಆ ಬಾಯಿ ನಮ್ಮತ್ತೇದು.

ಕಾಯಿ ಕೊಬ್ಬರಿ ಆಗಿದೆಯೋ ಇಲ್ವೋ ಅಂತ ಆ ಮನೇಲಿ ತೀರ್ಪು ಕೊಡೋದು ಅತ್ತೆ. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. ಗಡಗಡ ಅಂದ್ರೆ "ಆಗೈತೆ", ಗುಳಗುಳ ಅಂದ್ರೆ "ಇನ್ನೂ ನೀರೈತೆ". ಅಷ್ಟೇ, ಮೇಲ್ಮನವಿ ಇಲ್ಲ. ಮಾವ ದಿನಾ ಸಂಜೆ ಜಗಲಿ ಮೇಲೆ ಕೂತು ತಾವೇ ಕಟ್ಟಿದ ಒಂದು ಧಾಟಿ ಬಾರಿಸ್ತಾರೆ. ಮುಗಿಸಿ ಒಳಗೆ ಕೂಗ್ತಾರೆ, "ಹೆಂಗೈತೆ?"

ಒಳಗಿಂದ ಅತ್ತೆ, "ಇನ್ನೂ ನೀರೈತೆ ಕಣ್ರೀ."

ಮದುವೆ ಆದಾಗಿಂದ ಇದೇ ಉತ್ತರ. ಮಾವ ಹತ್ತಿಯಷ್ಟು ಹಗುರಾಗಿ ನಗ್ತಾರೆ. ಆಮೇಲೆ ತೋಟದ ಕಡೆ ನೋಡ್ತಾ ಕೂತಿರ್ತಾರೆ. ಆ ನೋಟ ಮಾತ್ರ ನಗೋ ಥರ ಇರಲ್ಲ.

ಈ ಸಲದ ರಜದಲ್ಲಿ ಬೇಲೂರಿನ ಮೈದಾನಕ್ಕೆ ಟೀವೀಲೆಲ್ಲಾ ಬರೋ ಒಬ್ಬ ಗಿಟಾರಿಸ್ಟ್ ಬಂದ. ನಮ್ಮ ಜಗಳಾನ ಅಲ್ಲೇ ತೀರಿಸೋಣ, ಅತ್ತೇನೇ ಜಡ್ಜು, ಹೆಸರಿರೋ ಇವನನ್ನ ಅವರು ಮೆಚ್ಚಿದ್ರೆ ನಾನು ಗೆದ್ದ ಹಂಗೆ ಅಂತ ನಾನು ಐಡಿಯಾ ಕೊಟ್ಟೆ. ಮೂರೂ ಜನ ಬಸ್ ಹತ್ತಿದ್ವಿ. ಮಾವಂದು ಇಸ್ತ್ರಿ ಶರ್ಟು. ಗೆಲ್ಲೋ ಖಾತ್ರಿ ಇದ್ದೋರ ಥರ ಕಿಟಕಿ ಸೀಟು ಬೇರೆ ನಂಗೇ ಬಿಟ್ಟುಕೊಟ್ರು.

ಸ್ಟೇಜ್ ಮೇಲೆ ಹೊಗೆ ಬಂತು, ಬಣ್ಣದ ಲೈಟು ಬಂತು, ಕೊನೆಗೆ ಆತ ಬಂದ. ಎಗರಿದ, ಮಂಡಿ ಊರಿದ, ಗಿಟಾರನ್ನ ಬೆನ್ನ ಹಿಂದೆ ಹಿಡಿದು ಬಾರಿಸಿದ. ಜನ ಹುಚ್ಚೆದ್ದು ಹೋದ್ರು. ಮಾವ ನನ್ನ ಕಿವೀಲಿ, "ಆಗ್ಲಿಂದ ತಂತೀಲಿ ಹಿಡಿಯೋದು ಮೂರೇ ಕಾರ್ಡು ಕಣವ್ವ, ಅದನ್ನೇ ತಿರುಗಿಸಿ ತಿರುಗಿಸಿ ಹಾಕ್ತಾವ್ನೆ" ಅಂದ್ರು. ನಾನು ಎರಡೇ ಅಂದ್ಕೊಂಡಿದ್ದೆ.

ಎಲ್ಲಾ ಮುಗಿದ ಮೇಲೆ ಕೇಳಿದೆ, "ಅತ್ತೆ, ಹೆಂಗಿತ್ತು?"

ಅತ್ತೆ ಸೆರಗು ಸರಿ ಮಾಡ್ಕೊಳ್ತಾ, "ಚೆನ್ನಾಗಿತ್ತು" ಅಂದ್ರು.

ಅಷ್ಟೇ ಸಲೀಸಾಗಿ! ಬಸ್‌ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದೋರಿಗೆ ಹೇಳ್ತಾರಲ್ಲ, ಹಂಗೆ. ಮಾವ ಅಷ್ಟು ವರ್ಷದಿಂದ ಕಾಯ್ತಿದ್ದ ಮಾತು, ಯಾರೋ ಗುರುತಿಲ್ಲದವನಿಗೆ ಹೋಯ್ತು. ಮನೆಗೆ ಬಂದೋರೇ ಮಾವ ಗಿಟಾರನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ್ರು.

ಹೆಸರೇ ದೊಡ್ಡದು ಅಂತ ಸಾಬೀತಾಯ್ತು, ನಾನು ಗೆದ್ದಿದ್ದೆ. ಗೆದ್ದಿದ್ದನ್ನ ಹೇಳ್ಕೊಳ್ಳೋಣ ಅಂದ್ರೆ ಮನೇಲಿ ಕೇಳೋಕೆ ಯಾರೂ ಇರಲಿಲ್ಲ. ಮಾವ ಸಂಜೆ ಆದ್ರೆ ತೋಟಕ್ಕೆ ಹೋಗಿಬಿಡೋರು. ಜಗಲಿ ಮೇಲೆ ಬೆಕ್ಕು ಮಲಗೋಕೆ ಶುರು ಮಾಡ್ತು.

ಒಂದು ಸಂಜೆ ಅತ್ತೆ ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ವೋ ಅಂತ ಮರೆತು, ಮತ್ತೊಂದು ಸಲ ಹಾಕಿ, ಸೌಟು ಕೆಳಗಿಟ್ಟು ನನ್ನ ಕರೆದ್ರು.

"ಏನೇ, ನಿಮ್ಮಾವ ಯಾಕೆ ಬಾರಿಸ್ತಿಲ್ಲ?"

"ನೀವು ಬೇಲೂರಲ್ಲಿ ಅವನಿಗೆ ಚೆನ್ನಾಗಿತ್ತು ಅಂದ್ರಲ್ಲ, ಅದಕ್ಕೆ."

"ಅಯ್ಯೋ, ಅಷ್ಟು ದೂರದಿಂದ ಬಂದಿದ್ದ ಹುಡುಗ. ಇನ್ನೇನಂತಾರೆ? ಚೆನ್ನಾಗಿತ್ತು ಅಂತ ಹೇಳಿ ಕಳಿಸ್ತಾರಪ್ಪ."

"ಹಂಗಾದ್ರೆ ಮಾವಂಗೆ ಯಾಕೆ ಒಂದು ದಿನಾನೂ ಹೇಳಲ್ಲ?"

ಅತ್ತೆ ಒಲೆ ಉರಿ ಸಣ್ಣ ಮಾಡಿದ್ರು. ಮುಖ ನನ್ನ ಕಡೆ ತಿರುಗಿಸಲಿಲ್ಲ.

"ಆಗೈತೆ ಅಂದ ಕಾಯಿ ಏನಾಗುತ್ತೆ ಹೇಳು? ಇಳಿಸ್ತಾರೆ, ಸುಲೀತಾರೆ, ಅರಸೀಕೆರೆ ಮಾರ್ಕೆಟ್ಟಿಗೆ ಹೋಗುತ್ತೆ. ಮನೇಲಿ ಉಳಿಯೋದು ನೀರಿರೋದೇ ಕಣೇ. ನಿಮ್ಮಾವಂಗೆ ಆಗೈತೆ ಅಂದ್ರೆ ನಾಳೇನೇ ಸ್ಟೇಜು ಹುಡುಕ್ಕೊಂಡು ಹೊರಡ್ತಾರೆ. ಸಂಜೆ ಹೊತ್ತು ನಾನು ಏನು ಕೇಳ್ಕೊಂಡು ಕೂತ್ಕೊಳ್ಳಿ?"

ಅತ್ತೆ ಸೆರಗಲ್ಲಿ ಕೈ ಒರೆಸ್ಕೊಂಡು ನನ್ನ ಬಾಗಿಲ ಕಡೆ ತಳ್ಳಿದ್ರು.

"ಹೋಗಿ ಕರ್ಕೊಂಡು ಬಾ. ನಾನು ಹಿಂಗಂದೆ ಅಂತ ಮಾತ್ರ ಹೇಳ್ಬೇಡ."

ತೋಟಕ್ಕೆ ಓಡಿದೆ. ಮಾವ ಬೋರ್‌ವೆಲ್ ಪಕ್ಕ ಕಟ್ಟೆ ಮೇಲೆ ಕೂತಿದ್ರು. "ಮಾವ, ಅತ್ತೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ರು. ನೀವು ಬಾರಿಸದೇ ಹೋದ್ರೆ ನಾವು ಉಪ್ಪಲ್ಲೇ ಸಾಯ್ತೀವಿ" ಅಂದೆ.

"ಅವ್ಳು ಹಂಗಂದ್ಲಾ?"

"ಅವರು ಏನೂ ಅಂದಿಲ್ಲ. ಕಾಯ್ತಾ ಇದಾರೆ."

ಮಾವ ಎದ್ದು, ಪಂಚೆ ಕೊಡವಿ, ಮನೆ ಕಡೆ ನಡೆದ್ರು. ಅಟ್ಟದಿಂದ ಗಿಟಾರ್ ಇಳಿಸಿ ಜಗಲಿ ಮೇಲೆ ಕೂತ್ರು. ಬೆಕ್ಕು ಬೈಕೊಂಡು ಜಾಗ ಬಿಟ್ಟಿತು.

ಬಾರಿಸೋಕೆ ಶುರು ಮಾಡಿದ್ರು. ಒಳಗೆ ಅತ್ತೆ ರೊಟ್ಟಿ ತಟ್ಟೋಕೆ ಕೂತಿದ್ರು, ಪಟ ಪಟ ಅಂತ ಸದ್ದು ಆ ಧಾಟಿ ಜೊತೇಗೇ ಬರ್ತಿತ್ತು. ನಡುವೆ ಒಂದು ಕಡೆ ಮಾವನ ಬೆರಳು ತಡವರಿಸಿತು, ತಂತಿ ಸಿಗಲಿಲ್ಲ. ಒಳಗೆ ರೊಟ್ಟಿ ತಟ್ಟೋ ಸದ್ದೂ ಅಲ್ಲೇ ನಿಂತು ಕಾಯ್ತು. ಬೆರಳಿಗೆ ಜಾಗ ಸಿಕ್ಕ ಮೇಲೆ ಎರಡೂ ಒಟ್ಟಿಗೆ ಮುಂದಕ್ಕೆ ಹೋದ್ವು.