ಸಾಹೇಬರ ಹುಲ್ಲು, ದೂರಪ್ಪನ ಕೈಗುಣ

ಸಾಹೇಬರ ಮನೆ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಹಳದಿ ಕಲೆ ಬಿದ್ದಿತ್ತು. ಮೊದಲು ಕಂಡಾಗ ಅಂಗೈಯಷ್ಟಿತ್ತು. ಹದಿನೈದನೆಯ ದಿನ ಬೆಳಿಗ್ಗೆ ಚಾಪೆಯಷ್ಟಾಗಿತ್ತು. ಷಡ್ಡಕನ ಮನೆಗೆ ಹೋಗಿದ್ದ ಸಾಹೇಬರು ಅವತ್ತೇ ಸಂಜೆ ಐದು ಗಂಟೆಗೆ ವಾಪಸು ಬರುವವರಿದ್ದರು.

ಹುಲ್ಲಿನ ಹೊಣೆ ಹೊತ್ತವನು ಸಾಹೇಬರದೇ ನೀರು ಸರಬರಾಜು ಕಚೇರಿಯ ದೂರು ಕಿಟಕಿಯ ಗುಮಾಸ್ತ. ಹನ್ನೊಂದು ವರ್ಷ ಅದೇ ಕಿಟಕಿಯಲ್ಲಿ ಕೂತು ಜನರ ಬೈಗುಳ ಬರೆದುಕೊಂಡು ಬರೆದುಕೊಂಡು, ಅವನ ನಿಜವಾದ ಹೆಸರು ಎಲ್ಲರಿಗೂ ಮರೆತು ದೂರಪ್ಪ ಎಂಬುದೊಂದೇ ಉಳಿದಿತ್ತು. ಅವನಿಗಿದ್ದ ಆಸೆ ಒಂದೇ. ಮಹಡಿಯ ಮೇಲಿನ ನಕ್ಷೆ ಕೋಣೆಗೆ ವರ್ಗವಾಗಬೇಕು. ಅಲ್ಲಿ ಹಳೆಯ ನಕ್ಷೆಗಳ ಸುರುಳಿ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ, ಮತ್ತು ನಕ್ಷೆಗಳು ಯಾರನ್ನೂ ಬೈಯುವುದಿಲ್ಲ.

"ಬಂದ್ಮೇಲೆ ನಿನ್ನ ಅರ್ಜಿ ನೋಡೋಣ," ಎಂದಿದ್ದರು ಸಾಹೇಬರು, ಕಾರು ಹತ್ತುವಾಗ. "ಅಲ್ಲೀವರೆಗೂ ಈ ಹುಲ್ಲು ನಿನ್ನ ಕೈಲಿರ್ಲಿ. ನಿನ್ನ ಕೈಗುಣ ನನಗೆ ಗೊತ್ತಪ್ಪ. ಅದಕ್ಕೇ ಬೇರೆ ಯಾರನ್ನೂ ಕರೀಲಿಲ್ಲ."

ದೂರಪ್ಪ ಉಬ್ಬಿಹೋಗಿದ್ದ. ಕಚೇರಿಯ ಕಿಟಕಿಯಲ್ಲಿ ಅವನು ನೀರು ಹಾಕಿ ಸಾಕಿದ ಮೂರು ಕುಂಡಗಳೂ ಒಣಗಿದ್ದವು, ಕೊನೆಗೆ ನೀರೇ ಕೇಳದ ಕಳ್ಳಿಗಿಡವೂ ಕಣ್ಣು ಮುಚ್ಚಿತ್ತು, ನಿಜ. ಅದೆಲ್ಲ ಬಿಸಿಲಿನ ತಪ್ಪೆಂದು ಅವನು ನಂಬಿದ್ದ.

ಈಗ ಕಚೇರಿಗೆ ರಜೆ ಹಾಕಿ, ಕುಕ್ಕರುಗಾಲಲ್ಲಿ ಕೂತು, ಹಳದಿ ಹುಲ್ಲನ್ನು ಮೆಲ್ಲಗೆ ಎಳೆದ. ಅದು ಟೋಪನ್ನಿನ ಹಾಗೆ ಇಡಿಯಾಗಿ ಕೈಗೆ ಬಂತು. ಕೆಳಗೆ ದಪ್ಪ ಬಿಳಿ ಹುಳುಗಳು ಕೊಕ್ಕೆಯಾಗಿ ಬಾಗಿ, ಉಂಡು ಮಲಗಿದ ನೆಂಟರಂತೆ ನೆಮ್ಮದಿಯಾಗಿದ್ದವು. ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಗೊಬ್ಬರದಂಗಡಿಗೆ ಓಡಿದ.

"ಗೊಣ್ಣೆ," ಎಂದ ಅಂಗಡಿಯವನು.

ದೂರಪ್ಪ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

"ನಿಮಗಲ್ಲ ಸ್ವಾಮಿ. ಹುಳದ ಹೆಸರೇ ಗೊಣ್ಣೆಹುಳ. ಬೇರು ತಿನ್ನುತ್ತೆ. ಈ ಹರಳು ಔಷಧಿ ತಗೊಳ್ಳಿ. ಗವಸು ಹಾಕ್ಕೊಂಡು, ಚೀಟೀಲಿ ಬರೆದಷ್ಟೇ ಎರಚಿ, ಒಂದು ಕಾಳೂ ಜಾಸ್ತಿ ಬೇಡ. ಎರಚಿದ ತಕ್ಷಣ ನೀರು ಕೊಡ್ಬೇಕು, ನೀರಿನ ಜೊತೆಗೇ ಔಷಧಿ ಬೇರಿಗೆ ಇಳಿಯೋದು. ಆಮೇಲೆ ಹುಲ್ಲಿನ ಒದ್ದೆ ಆರೋವರೆಗೂ ಕೋಳಿ, ನಾಯಿ, ಮಕ್ಕಳು ಯಾರೂ ಕಾಲಿಡಬಾರ್ದು."

"ನೀರಿಗೇನು ಬರ? ನಾನು ನೀರಿನ ಆಫೀಸಿನವನೇ."

ಅಂಗಡಿಯವನು ಅವನನ್ನು ಕನಿಕರದಿಂದ ನೋಡಿದ.

ದೂರಪ್ಪ ಗವಸು ತೊಟ್ಟು ಮೊದಲ ಹಿಡಿ ಎರಚಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರರು ಕಾಂಪೌಂಡಿನ ಮೇಲೆ ಗದ್ದ ಊರಿದರು. "ಏನಯ್ಯಾ ಅದು, ಅಕ್ಷತೆ ಹಾಕ್ದ ಹಾಗೆ? ಸಾಲು ಹಿಡಿದು ನಡಿ. ಅರ್ಧ ಉದ್ದಕ್ಕೆ ಹಾಕು, ಉಳಿದರ್ಧ ಅಡ್ಡಕ್ಕೆ. ಆಗ ಎಲ್ಲಾ ಕಡೆ ಸಮ ಬೀಳುತ್ತೆ. ಎಡ, ಬಲ, ಎಡ, ಬಲ."

ಸಲಹೆ ಒಳ್ಳೆಯದೇ. ಆದರೆ ಮಾಸ್ತರರು ಸೀಟಿಯನ್ನೂ ತಂದಿದ್ದರು. "ತಿರುಗು" ಎನ್ನುವುದನ್ನು ಎರಡು ಸಲ ಮರೆತರು, ದೂರಪ್ಪ ಎರಡು ಸಲವೂ ಮೂಗನ್ನು ಗೋಡೆಗೆ ತಾಗಿಸಿಕೊಂಡ. ಅಂತೂ ಔಷಧಿ ಸಮವಾಗಿ ಬಿತ್ತು. ಅವನು ರಬ್ಬರ್ ಪೈಪನ್ನು ಗೇಟಿನ ಹತ್ತಿರ ಎಳೆದಿಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಅಷ್ಟರಲ್ಲಿ ಎದುರುಮನೆ ಟೈಲರಮ್ಮನ ಐದು ಕೋಳಿಗಳು, ಕಾಳು ಎರಚಿದ್ದಾರೆಂಬ ಸುದ್ದಿ ಸಿಕ್ಕವರ ಹಾಗೆ ಸಾಲಾಗಿ ರಸ್ತೆ ದಾಟಿ ಬಂದವು. ದೂರಪ್ಪ ಎರಡೂ ಕೈ ಚಾಚಿ ಗೇಟಿನಲ್ಲಿ ನಿಂತ.

"ಅಕ್ಕಾ, ಇವನ್ನ ಗೂಡಿಗೆ ಹಾಕಿ, ದಮ್ಮಯ್ಯ. ಇಲ್ಲಿ ವಿಷ ಇದೆ."

"ನನ್ನ ಕೋಳೀಗೆ ಏನಾದ್ರೂ ಆಯ್ತೋ, ನಿನ್ನ ಅಳತೆ ತಗೊಂಡ್ಬಿಡ್ತೀನಿ ನೋಡು," ಎನ್ನುತ್ತ ಟೈಲರಮ್ಮ ಕೋಳಿಗಳನ್ನು ಬಾಚಿಕೊಂಡು ಗೂಡಿಗೆ ಹಾಕಿ, ಕತ್ತರಿ ಸಮೇತ ವಾಪಸು ಬಂದಳು.

ದೂರಪ್ಪ ದೂರು ವಿಭಾಗಕ್ಕೆ ಫೋನ್ ಮಾಡಿದ. ಗಂಟೆ ಬಾರಿಸಿತು, ಬಾರಿಸಿತು, ಬಾರಿಸುತ್ತಲೇ ಇತ್ತು. "ಒಬ್ಬರೂ ತೆಗೀತಿಲ್ಲ. ಎಂಥಾ ಬೇಜವಾಬ್ದಾರಿ ಜನ ಅಕ್ಕಾ ಇವರು."

"ಆ ಫೋನಿನ ಹತ್ರ ಯಾರು ಕೂರ್ತಾರೆ?"

ದೂರಪ್ಪ ಫೋನನ್ನು ಕಿವಿಯಿಂದ ಇಳಿಸಿದ. "ನಾನೇ," ಎಂದ.

ಕೊನೆಗೆ ಕಚೇರಿಯ ಜವಾನ ತನ್ನ ಮೊಬೈಲಿನಲ್ಲಿ ಸಿಕ್ಕ. ಅವನ ದನಿ ಕಾಂಪೌಂಡಿನಾಚೆಗೂ ಕೇಳುವಂಥದು. "ಅಣ್ಣಾ, ಆ ರಸ್ತೆ ಪೈಪು ಸೋರ್ತಿದೆ ಅಂತ ನಾಲ್ಕು ದಿನದ ಹಿಂದೇನೇ ದೂರು ಬಂದಿತ್ತು. ಇವತ್ತು ಒಡೆದೇ ಹೋಯ್ತು. ದೂರು ನಿಮ್ಮ ಮೇಜಿನ ಮೇಲೇ ಇದೆ, ನಿಮ್ಮ ಟೀ ಲೋಟದ ಕೆಳಗೆ. ಯಾರೋ ಡ್ರಿಲ್ ಮಾಸ್ತರಂತೆ ಕೊಟ್ಟಿದ್ದು. ರಿಪೇರಿಯವರನ್ನ ಈಗ ಕಳಿಸ್ತೀನಿ ಬಿಡಿ."

ಮಾಸ್ತರರ ಬಾಯಿಂದ ಸೀಟಿ ಕೆಳಗೆ ಬಿತ್ತು. ಅದನ್ನು ಎತ್ತಿ, ಒರೆಸಿ, ಮತ್ತೆ ಬಾಯಿಗಿಟ್ಟುಕೊಳ್ಳುವ ಮೊದಲು ಅವರು ಹೇಳಿದ್ದು ಒಂದೇ ಮಾತು. "ನಲವತ್ತು ಬಕೆಟ್. ಓಡು."

ಟೈಲರಮ್ಮನ ನೀರಿನ ತೊಟ್ಟಿಯಿಂದ ಸಾಹೇಬರ ಹುಲ್ಲಿಗೆ ದೂರಪ್ಪ ಓಡಿದ. ಸೀಟಿಗೆ ಹೆಜ್ಜೆ ಹಾಕಿ ಓಡಿದ. ಹರಳು ಕೊಚ್ಚಿಕೊಂಡು ಹೋಗಬಾರದೆಂದು ಟೈಲರಮ್ಮ ಜರಡಿ ಮೂತಿಯ ಪೂವಾಲಿ ಹಿಡಿದು ಸಣ್ಣಗೆ ಚಿಮುಕಿಸಿದಳು. ಆಮೇಲೆ ಯಾರೂ ಕಾಲಿಡದಂತೆ ಸುತ್ತಲೂ ತನ್ನ ಬಣ್ಣದ ಲಾಡಿ ಕಟ್ಟಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ನಲವತ್ತನೆಯ ಬಕೆಟ್ ಖಾಲಿಯಾಯಿತು. ಹುಲ್ಲು ತೊಯ್ದು ನಿಂತಿತ್ತು, ದೂರಪ್ಪ ಅದಕ್ಕಿಂತ ಹೆಚ್ಚು ತೊಯ್ದು ನಿಂತಿದ್ದ. ಆದರೆ ನಕ್ಷೆ ಕೋಣೆಯ ತಂಪು ಗಾಳಿ ಆಗಲೇ ಮುಖಕ್ಕೆ ಬಡಿದಂತಾಗುತ್ತಿತ್ತು.

ಐದಕ್ಕೆ ಸರಿಯಾಗಿ ಸಾಹೇಬರ ಕಾರು ಬಂತು. ಕಾರಿನ ಹಿಂದೆಯೇ ಸಿಮೆಂಟಿನ ಚೀಲ ಹೇರಿಕೊಂಡ ಒಂದು ಟೆಂಪೋ ಬಂತು. ಅದರಿಂದ ಗಾರೆ ಮೇಸ್ತ್ರಿ ಇಳಿದು, ಲಾಡಿಯ ಆಚೆ ನಿಂತು, ತಲೆ ಕೆರೆದುಕೊಂಡ.

"ಸಾಹೇಬ್ರೇ, ಮುಕ್ಕಾಲು ಪಾಲು ಹಸಿರಾಗೇ ಇದೆಯಲ್ಲ? ಹದಿನೈದು ದಿನದಲ್ಲಿ ಖಂಡಿತ ಸಾಯುತ್ತೆ, ಅಂಥಾ ಕೈಗುಣದವನಿಗೆ ಒಪ್ಪಿಸಿದೀನಿ, ಸಿಮೆಂಟ್ ತಂದ್ಬಿಡು ಅಂದಿದ್ರಿ?"

ಕಾರಿನಿಂದ ಇಳಿಯುತ್ತಿದ್ದ ಸಾಹೇಬರ ಹೆಂಡತಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡೇ ನಿಂತರು. "ಹುಲ್ಲು ತಾನಾಗೇ ಸತ್ರೆ ಸಿಮೆಂಟ್ ಹಾಕ್ಸಿ ಅಂದಿದ್ದೆ. ಸಾಯಿಸೋಕೆ ಆಳಿಡಿ ಅಂದಿರ್ಲಿಲ್ಲ."

"ಹಾಗಲ್ಲ ಕಣೇ. ಪ್ರತೀ ಭಾನುವಾರ ಆ ಹುಲ್ಲು ಕತ್ತರಿಸೋ ಗಾಡಿ ತಳ್ಳಿ ತಳ್ಳಿ ನನ್ನ ಸೊಂಟ..."

ಆಕೆ ದೂರಪ್ಪನ ಕಡೆ ತಿರುಗಿದರು. "ಏನಪ್ಪಾ, ಬದುಕುತ್ತಾ?"

ದೂರಪ್ಪನಿಗೆ ಇನ್ನೂ ಅರ್ಥವಾಗಿರಲಿಲ್ಲ. ಎದೆಯುಬ್ಬಿಸಿ ಹೇಳಿದ. "ಗೊಣ್ಣೆಹುಳ ಬಿದ್ದಿತ್ತು ಅಮ್ಮಾವ್ರೇ. ಔಷಧಿ ಇಳಿಸಿದೀನಿ. ಸ್ವಲ್ಪ ದಿನ ತಡೀರಿ, ಚಿಗುರುತ್ತೆ."

ಸಾಹೇಬರು ಅವನನ್ನು ನೋಡಿದ ನೋಟಕ್ಕೆ ಉಳಿದ ಹುಳುಗಳೂ ಸಾಯಬೇಕಿತ್ತು. ಅದೇ ಹೊತ್ತಿಗೆ, ರಸ್ತೆಯ ಆ ತುದಿಯಲ್ಲಿ ರಿಪೇರಿಯವರು ಪೈಪು ಸರಿಮಾಡಿ ಮುಗಿಸಿದರು. ದೂರಪ್ಪ ತೆರೆದು ಮರೆತಿದ್ದ ನಲ್ಲಿ ಗುಡುಗಿತು. ಗೇಟಿನ ಬಳಿಯ ರಬ್ಬರ್ ಪೈಪು ಹೆಡೆಯೆತ್ತಿ ಮೊದಲು ಸಾಹೇಬರನ್ನು, ಆಮೇಲೆ ಸಾವಕಾಶವಾಗಿ ಟೆಂಪೋದಲ್ಲಿದ್ದ ಅಷ್ಟೂ ಸಿಮೆಂಟನ್ನು ನೆನೆಸಿತು.

"ಇನ್ನಿದು ಕಲ್ಲೇ," ಎಂದ ಮೇಸ್ತ್ರಿ, ಒಂದು ಚೀಲ ಮುಟ್ಟಿ ನೋಡಿ.

ದೂರಪ್ಪ ಓಡಿಹೋಗಿ ನಲ್ಲಿ ನಿಲ್ಲಿಸಿ ಬಂದ. ಆಮೇಲೆ ಮೆಲ್ಲಗೆ ಕೇಳಿದ. "ಸಾಹೇಬ್ರೇ, ಆ ನಕ್ಷೆ ಕೋಣೆ ಅರ್ಜಿ..."

ಸಾಹೇಬರು ಮುಖದ ನೀರು ಬಳಿದುಕೊಂಡರು. "ನಾಳೆ ಹತ್ತು ಗಂಟೆಗೆ ನಾನೊಂದು ದೂರು ಕೊಡೋದಿದೆ. ಬರ್ಕೊಳ್ಳೋಕೆ ಕಿಟಕೀಲಿ ಇರು. ನಾಳೆ ಮಾತ್ರ ಅಲ್ಲ, ಯಾವಾಗ್ಲೂ ಇರು."

ಅವರ ಹೆಂಡತಿಯ ಮುಖದಲ್ಲಿ ಮಾತ್ರ ನಗು ಅರಳಿತ್ತು. "ಭಾನುವಾರ ಬೆಳಿಗ್ಗೆ ಬಂದ್ಬಿಡಪ್ಪ, ತಪ್ಪಿಸ್ಬೇಡ. ಇವರಿಗೆ ಸೊಂಟ ನೋವಂತೆ. ಇನ್ಮೇಲೆ ಹುಲ್ಲಿನ ಗಾಡಿ ನಿನಗೇ ಕೊಡ್ತೀನಿ. ಎಂಥಾ ಕೈಗುಣ ನಿಂದು."

ದೂರಪ್ಪ ಗವಸು ತೊಟ್ಟ ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡ.