ಬುಟ್ಟಿ ತುಂಬ ಜ್ಞಾನ

ಗಂಡ ಕುಡುಕನಾದರೆ ಅತ್ತು ಹೇಳಿಕೊಳ್ಳಬಹುದು, ಜೂಜುಕೋರನಾದರೆ ತವರಿಗೆ ಹೇಳಿ ಕಳಿಸಬಹುದು. ಜ್ಞಾನಿಯಾದರೆ ಏನು ಮಾಡೋಣ, ನೀವೇ ಹೇಳಿ. ಇಡೀ ಅಥೆನ್ಸಿನಲ್ಲಿ ಅದಕ್ಕೆ ಮದ್ದು ಅರೆಯುವ ಒಬ್ಬ ವೈದ್ಯನಿಲ್ಲ.

ನಮ್ಮಲ್ಲಿ ಮರ್ಯಾದಸ್ಥ ಹೆಂಗಸು ಸಂತೆಗೆ ಕಾಲಿಡುವಂತಿಲ್ಲ. ಮೀನು, ಸೊಪ್ಪು ಎಲ್ಲ ಗಂಡಸರೇ ತರಬೇಕು. (ಈ ಕಟ್ಟಳೆ ಮಾಡಿದ ಮಹಾನುಭಾವನಿಗೆ ನಮ್ಮ ಯಜಮಾನ ಲಂಪೋನರನ್ನೇ ಗಂಟು ಹಾಕಬೇಕಿತ್ತು.) ಸಂತೆಯ ಪಕ್ಕದಲ್ಲೇ ಚಿತ್ರದ ಮಂಟಪ. ಅಲ್ಲೊಬ್ಬ ಗಡ್ಡದ ಗುರು ಕೂತು, ಬೇಕು ಅನ್ನುವುದೇ ರೋಗ, ಕೋಪವೇ ಹುಚ್ಚು ಅಂತ ಉಪದೇಶ ಮಾಡುತ್ತಾನೆ. ಇವರು ಅಲ್ಲಿ ನಿಂತರೆಂದರೆ ನಮ್ಮ ಒಲೆ ಆರಿದ ಹಾಗೆಯೇ.

ಮೊನ್ನೆ ನಮ್ಮ ಮೆಲಿತ್ತಳ ಮದುವೆಯ ಮಾತಿಗೆ ಹುಡುಗನ ತಂದೆ ಫಿಡೋನ್ ಊಟಕ್ಕೆ ಬರುವವರಿದ್ದರು. ಹುಡುಗ ಅಪ್ಪಟ ಚಿನ್ನ. ಹಬ್ಬದ ಮೆರವಣಿಗೆಯಲ್ಲಿ ಅವನನ್ನು ಕಂಡಾಗಿನಿಂದ ಮಗಳು ನೂತ ಉಣ್ಣೆಯೆಲ್ಲ ಬರೀ ಸಿಕ್ಕು. ಈ ಸಂಬಂಧ ತಪ್ಪಿದರೆ ಅವಳು ಅನ್ನ ನೀರು ಬಿಡುವವಳೇ. ಹಾವುಮೀನು ತನ್ನಿ ಅಂತ ಬೆಳಿಗ್ಗೆಯೇ ಇವರನ್ನು ಅಟ್ಟಿದೆ. ಹೊತ್ತು ಇಳಿಯುವಾಗ ಖಾಲಿ ಬುಟ್ಟಿ ಹಿಡಿದು, ಮುಖದ ತುಂಬ ದಿವ್ಯಪ್ರಭೆ ಹೊತ್ತು ಬಂದರು.

"ಮೀನೆಲ್ಲಿ?" ಅಂದೆ.

"ಮೀನು ನಾಲಿಗೆಯ ಚಪಲ ಕಣೇ. ಮನುಷ್ಯನಿಗೆ ಬೇಕಾದ್ದು ಬೇಳೆಗಂಜಿ."

"ಬೀಗರಿಗೂ ಗಂಜಿಯೇ?"

"ಅವರೂ ಮನುಷ್ಯರೇ ತಾನೆ?"

ಆಮೇಲೆ ನಾನು ಆಡಿದ ಮಾತು ಇಲ್ಲಿ ಬೇಡ. ಓಣಿಯ ನಾಯಿಗಳು ಬಾಲ ಮುದುರಿಕೊಂಡು ಓಡಿದವು, ಅಷ್ಟು ಸಾಕು.

ಸಂಜೆ ಗಂಡಸರ ಕೋಣೆಯಲ್ಲಿ ಗಂಜಿ, ಈರುಳ್ಳಿ, ಆಲಿವ್ ಕಾಯಿ. ಪರಗಂಡಸರ ಮುಂದೆ ನಾವು ಮುಖ ತೋರಿಸುವಂತಿಲ್ಲವಲ್ಲ, ಬಾಗಿಲ ಸಂದಿಗೆ ಕಿವಿ ಕೊಟ್ಟು ನಾನು, ನನ್ನ ಬೆನ್ನಿಗೆ ಮೆಲಿತ್ತ. ಬಟ್ಟಲು ನೋಡಿದ ಫಿಡೋನ್, ಮನೆಯವರು ಏನೂ ಅನ್ನಲಿಲ್ಲವೇ ಅಂತ ಕೇಳಿದರು. ನನ್ನವಳಿಗೆ ಕೋಪ ಅಂದರೇನೆಂದೇ ಗೊತ್ತಿಲ್ಲ ಅಂದರು ಇವರು. ಹಸಿ ಸುಳ್ಳು! ಇವರು ಸತ್ಯ ಹುಡುಕುವವರಂತೆ!

ಫಿಡೋನ್ ನಿಟ್ಟುಸಿರಿಟ್ಟರು. ಅವರ ಹೆಂಡತಿ ಮುನಿದರೆ ಮೊದಲು ಕೈಗೆ ಸಿಗುವುದು ಮಣೆಯಂತೆ. "ತಾಯಿಯಂತೆ ಮಗಳು ಅಂತಾರೆ. ನೀವು ಹೇಳಿದ್ದು ನಿಜವಾದರೆ ಸಂಬಂಧ ಈಗಲೇ ಗಟ್ಟಿ," ಅಂದರು.

ಇವರು ತಕ್ಷಣ ಬಾಗಿಲ ಕಡೆ ತಿರುಗಿ ಕೂಗಿದರು. "ಗ್ಲಿಕೇರಾ, ನಿನ್ನ ತವರಿನ ಕಂಚಿನ ಕೊಪ್ಪರಿಗೆಯನ್ನು ಗುರುಗಳಿಗೆ ಕೊಟ್ಟುಬಿಟ್ಟೆ."

ಮೆಲಿತ್ತ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಪರೀಕ್ಷೆ ಅಂತ ನನಗೆ ತಿಳಿಯದೇ? ಪಾರಿವಾಳದ ದನಿ ತೆಗೆದು, "ನಿಮ್ಮ ಇಷ್ಟ, ರೀ," ಅಂದೆ.

ಫಿಡೋನರ ಕಣ್ಣಲ್ಲಿ ನೀರು. ಅಲ್ಲೇ ಮಾತು ಕೊಟ್ಟರು. ಚಳಿಗಾಲಕ್ಕೆ ಮದುವೆ. ಅಲ್ಲಿಯವರೆಗೆ ಅವರ ಹೆಂಡತಿ ದಿನವೂ ಬಂದು ನನ್ನ ಮಗ್ಗದ ಪಕ್ಕ ಕೂತು ಶಾಂತಿ ಕಲಿಯಬೇಕಂತೆ.

ಫಿಡೋನ್ ಅಂಗಳದ ಬಾಗಿಲಲ್ಲಿ ಚಪ್ಪಲಿ ಕಟ್ಟಿಕೊಳ್ಳುತ್ತಿದ್ದಾಗ ನಾನು ಕದದ ಮರೆಯಿಂದಲೇ ಇವರ ಕಿವಿಯಲ್ಲಿ ಪಿಸುಗುಟ್ಟಿದೆ. "ಒಳ್ಳೆ ಉಪಾಯ ಹೂಡಿದಿರಿ. ಕೊಪ್ಪರಿಗೆ ಎಲ್ಲಿ ಬಚ್ಚಿಟ್ಟಿದ್ದೀರಿ?"

"ಉಪಾಯ ಎಲ್ಲಿ ಬಂತು? ಕೊಟ್ಟದ್ದು ನಿಜವೇ. ಗುರುಗಳಿಗೆ ಯಾವ ಬಯಕೆಯೂ ಇಲ್ಲ ನೋಡು, ಸ್ನಾನಕ್ಕೆ ಬಿಸಿನೀರೊಂದು ಬಿಟ್ಟರೆ."

ಬಾಯಿ ತೆರೆದೆ. ಫಿಡೋನ್ ಇನ್ನೂ ಬಲಗಾಲಿನ ಚಪ್ಪಲಿ ಕಟ್ಟುತ್ತಿದ್ದರು, ಭಕ್ತಿಯಿಂದ ಕಿವಿ ಇತ್ತಲೇ ಇಟ್ಟು.

"ಬಿಸಿನೀರು ಗುರುಗಳ ಮೈಗೆ ಒಳ್ಳೆಯದು," ಅಂದೆ.