ವಿಷ ಹಿಡಿಯುವ ತಟ್ಟೆ

"ಚೀನಾದವರೇ ಆಳಂದಕ್ಕ ಬಂದು ನನ್ನ ಕಪಾಟಿಗೆ ಕೈಮುಗೀಬೇಕು, ಹಂಗ ಮಾಡ್ತೇನಿ!" ಎಂದು ಜಗದೇವಪ್ಪನವರು ಪ್ರತಿಜ್ಞೆ ಮಾಡಿ ಇಪ್ಪತ್ತು ವರ್ಷವಾಗಿತ್ತು.

ಸರಸಂಬಾದಿಂದ ಆಳಂದಕ್ಕೆ ಸೈಕಲ್ ಮೇಲೆ ಎಣ್ಣೆ ಡಬ್ಬಿ ಹೊತ್ತು ತಂದ ಮನುಷ್ಯ 1985ರ ಹೊತ್ತಿಗೆ ಕುಸುಬಿ ಎಣ್ಣೆ ಗಿರಣಿಯ ಮಾಲೀಕ! ಆದರೆ ಗಿರಣಿ ಬರೀ ಹೊಟ್ಟೆಪಾಡು. ಜೀವವೆಲ್ಲ ಚೀನಾದ ಹಳೇ ಸಾಮಾನಿನ ಮೇಲೆ. ಹೈದರಾಬಾದಿಗೆ ಎಣ್ಣೆ ಮಾರಲು ಹೋದಾಗಲೆಲ್ಲ ಚಾಂದಪಾಶಾನ ಹಳೇ ಸಾಮಾನಿನ ಅಂಗಡಿಯಿಂದ ಏನಾದರೊಂದು ಬರುತ್ತಿತ್ತು. ಜೇಡ್ ಎಂಬ ಹಸಿರು ಕಲ್ಲಿನ ಬಟ್ಟಲು, ಅದೇ ಕಲ್ಲಿನ ಕುದುರೆ, ನೀಲಿ ಹೂವಿನ ಹೂದಾನಿ, ಪಾತ್ರೆಯೇ ಇಲ್ಲದ ಒಂದು ಮುಚ್ಚಳ! ಎಲ್ಲ ಪಡಸಾಲೆಯ ಗಾಜಿನ ಕಪಾಟಿನಲ್ಲಿ. ಕೀಲಿಕೈ ಜಗದೇವಪ್ಪನವರ ಉಡದಾರದಲ್ಲಿ.

"ಆ ಹಸರ ಬಟ್ಟಲ ಕೊಡ್ರಿ, ಉಪ್ಪಿನಕಾಯಿ ಹಾಕಾಕ ಬರ್ತದ," ಎಂದು ಹೆಂಡತಿ ಗುರುಬಾಯಿ ಒಮ್ಮೆ ಕೇಳಿದ್ದರು.

"ಉಪ್ಪಿನಕಾಯಿ? ಜೇಡಿನ್ಯಾಗ? ನಿನಗ ತಲಿ ನೆಟ್ಟಗದ ಏನ್ ಬೇ!" ಎಂದು ಜಗದೇವಪ್ಪನವರು ಎರಡು ದಿನ ಮಾತು ಬಿಟ್ಟಿದ್ದರು.

ಆ ವರ್ಷ ಚಾಂದಪಾಶಾ ಒಂದು ತಿಳಿಹಸಿರು ತಟ್ಟೆ ಕೊಟ್ಟ. "ಸೇಠಜಿ, ಇದು ಬಾದಶಾಹರು ಉಂಡ ತಟ್ಟಿ. ಊಟದಾಗ ಜಹರ್ ಇದ್ರ ತಾನಾಗೇ ಒಡೀತದ!" ಜಗದೇವಪ್ಪನವರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಊರಿಗೆ ಬಂದರು.

ಎಳ್ಳ ಅಮಾವಾಸ್ಯೆಯ ಮರುದಿನ ಜೇವರ್ಗಿಯಿಂದ ಬಸವಂತರಾಯರು ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಂಡರೆ ಒಪ್ಪಿದಂತೆ. ಉಣ್ಣದೆ ಎದ್ದರೆ ಸಂಬಂಧ ಮುರಿದಂತೆ. ಜಗದೇವಪ್ಪನವರ ಮಗಳಿಗೆ ಹುಡುಗ ಮೆಚ್ಚಿಗೆಯಾಗಿದ್ದ. ಬಾಗಿಲ ಮರೆಯಲ್ಲಿ ಬಳೆ ಸದ್ದು ನಿಂತಿರಲಿಲ್ಲ. "ಊಟಕ್ಕ ಏಳೋಣ," ಎಂದು ಬಸವಂತರಾಯರು ಅಂದ ಕೂಡಲೇ ಜಗದೇವಪ್ಪನವರ ಕೈ ಉಡದಾರಕ್ಕೆ ಹೋಯಿತು.

"ಸ್ಟೀಲಿನ ತಾಟ ಸಾಕ್ರಿ," ಎಂದರು ಗುರುಬಾಯಿ ಮೆಲ್ಲಗೆ.

"ಬೀಗರು ನಮ್ಮ ಮನ್ಯಾಗ ಮೊದಲ ತುತ್ತು ಬಾದಶಾಹರ ತಟ್ಟ್ಯಾಗೇ ಉಣಬೇಕು!"

ತಟ್ಟೆಯನ್ನು ಹಿತ್ತಲ ತೊಟ್ಟಿಯ ನೀರಿನಲ್ಲಿ ತಾವೇ ತೊಳೆದರು. ಚಳಿಗಾಲದ ನೀರು, ಮಂಜುಗಡ್ಡೆಗೆ ಬರೀ ಎರಡು ಮೆಟ್ಟಿಲು ಕಡಿಮೆ! ತಂದು ಬಸವಂತರಾಯರ ಮುಂದಿಟ್ಟು ಭಾಷಣ ಶುರು ಮಾಡಿದರು. "ಇದು ಬೆಂಕ್ಯಾಗ ಹಾಕಿದ್ರೂ ಒಡ್ಯಾಂಗಿಲ್ರಿ ಬೀಗರ. ಒಡದ್ರ ವಿಷಕ್ಕ ಮಾತ್ರ!"

ಗುರುಬಾಯಿ ಒಲೆಯಿಂದ ಆಗಷ್ಟೇ ಇಳಿಸಿದ ಭಜ್ಜಿಯನ್ನು ತಂದರು. ಎಲ್ಲ ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಹಬ್ಬದ ಭಜ್ಜಿ, ಇನ್ನೂ ಕುದಿಯುತ್ತಲೇ ಇತ್ತು. ಒಂದು ಸೌಟು ಬಿದ್ದದ್ದೇ ತಡ—

ಟಣ್!

ತಟ್ಟೆ ಎರಡು ಹೋಳು! ಬಸವಂತರಾಯರ ಕೈಯಲ್ಲಿದ್ದ ಸಜ್ಜೆ ರೊಟ್ಟಿಯ ತುಂಡು ಅಲ್ಲೇ ನಿಂತಿತು. ಬಳೆ ಸದ್ದೂ ನಿಂತಿತು.

"ಬಿ... ಬಿಸಿಗೆ ಒಡದಿರಬೇಕ್ರಿ," ಎಂದರು ಜಗದೇವಪ್ಪ.

"ಬೆಂಕಿಗೂ ಒಡ್ಯಾಂಗಿಲ್ಲ ಅಂದ್ರಲ್ಲ ಈಗ?" ಬಸವಂತರಾಯರು ತುಂಡು ಕೆಳಗಿಟ್ಟರು. "ನೋಡ್ರಿ, ತಟ್ಟಿ ಅಸಲಿ ಇದ್ರ ಊಟ ಖೋಟಾ. ಊಟ ಖರೇ ಇದ್ರ ತಟ್ಟಿ ಖೋಟಾ. ಯಾವುದಂತ ನೀವೇ ಹೇಳ್ರಿ. ಆಮ್ಯಾಲ ಕೂಡೋದೋ ಏಳೋದೋ ನಾವು ನೋಡ್ತೇವಿ."

ಸೌಟು ಹಿಡಿದ ಗುರುಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದ ಛಲ ಒಂದು ಕಡೆ, ಮಗಳ ಮದುವೆ ಒಂದು ಕಡೆ. ಜಗದೇವಪ್ಪನವರು ತಟ್ಟೆಯ ಒಂದು ಹೋಳನ್ನು ಕೈಗೆತ್ತಿಕೊಂಡರು.

"ತಟ್ಟಿ... ನಕಲಿ ಅದ್ರಿ."

"ಜೋರಾಗಿ ಹೇಳ್ರಿ, ಒಳಗ ಮಗಳಿಗೆ ಕೇಳಲಿಲ್ಲ," ಎಂದರು ಗುರುಬಾಯಿ.

"ನಕಲಿ!"

"ಕಪಾಟಿನ್ಯಾಗಿನವು? ಅವೂ ಆ ಚಾಂದಪಾಶಾನೇ ಕೊಟ್ಟಿದ್ದಲ್ಲೇನು?" ಗುರುಬಾಯಿ ಬಿಡಲಿಲ್ಲ.

ಜಗದೇವಪ್ಪ ಕಪಾಟನ್ನು ನೋಡಿದರು. ಬಸವಂತರಾಯರನ್ನು ನೋಡಿದರು. ರೊಟ್ಟಿ ಇನ್ನೂ ಕೆಳಗೇ ಇತ್ತು. "ಅವೂ... ಎಲ್ಲಾ ನಕಲಿ!"

ಸ್ಟೀಲಿನ ತಾಟು ಬಂತು. ಬಸವಂತರಾಯರು ಎರಡು ಸಲ ಭಜ್ಜಿ ಹಾಕಿಸಿಕೊಂಡು ಉಂಡರು. ಸಂಬಂಧ ಗಟ್ಟಿಯಾಯಿತು!

ತಿಂಗಳೊಪ್ಪತ್ತಿನಲ್ಲಿ ನಿಶ್ಚಯಕ್ಕೆ ಬಂದ ಬೀಗರ ಮುಂದೆ ಗುರುಬಾಯಿ ಇಟ್ಟದ್ದು ಜೇಡಿನ ಬಟ್ಟಲು, ತುಂಬ ಮಾವಿನ ಉಪ್ಪಿನಕಾಯಿ! ಜಗದೇವಪ್ಪನವರ ಕೈ ಬಟ್ಟಲ ಕಡೆ ಚಾಚಿತು. "ಹು... ಹುಷಾರ್ ಬೇ..."

"ಯಾಕ್ರಿ? ನಕಲಿ ಅಲ್ಲೇನು?"

ಬಸವಂತರಾಯರು ಬೆರಳು ನೆಕ್ಕುತ್ತ, "ಉಪ್ಪಿನಕಾಯಿ ಭಾಳ ಛಲೋ ಅದ ಬೀಗತಿ. ಬಟ್ಟಲ ಸಹಿತ ಒಯ್ತೇವಿ, ಹೆಂಗೂ ನಕಲಿ ಮಾಲು!" ಎಂದರು.

"ಒಯ್ರಿ," ಎಂದರು ಜಗದೇವಪ್ಪ. ಕಣ್ಣಲ್ಲಿ ನೀರು ಬಂತು. ಖಾರ ಹತ್ತಿತು ಎಂದರು.

ಬಿ.ಪಿ. ಎಂದು ಡಾಕ್ಟರು ಅವರಿಗೆ ಉಪ್ಪಿನಕಾಯಿ ಬಿಡಿಸಿ ಐದು ವರ್ಷವಾಗಿದೆ. ಆದರೂ ತಿಂಗಳಿಗೊಮ್ಮೆ ಮಗಳನ್ನು ನೋಡಲು ಜೇವರ್ಗಿಗೆ ಹೋದಾಗ ಊಟಕ್ಕೆ ಕೂತೊಡನೆ, "ಉಪ್ಪಿನಕಾಯಿ ತರ್ರಿ," ಅನ್ನುತ್ತಾರೆ. ಹೋಳನ್ನು ಮುಟ್ಟುವುದಿಲ್ಲ. ಊಟವಾದ ಮೇಲೆ ಆ ಹಸಿರು ಬಟ್ಟಲನ್ನು ತಾವೇ ಎತ್ತಿಕೊಂಡು ಹೋಗಿ, ಉಗುರುಬೆಚ್ಚನೆ ನೀರಿನಲ್ಲಿ ತೊಳೆದು, ಧೋತರದ ತುದಿಯಿಂದ ಒರೆಸಿಡುತ್ತಾರೆ.

"ಗಿರಣಿ ಮಾಲೀಕರಾದ್ರೂ ಎಳ್ಳಷ್ಟು ಸೊಕ್ಕಿಲ್ಲ ನೋಡ್ರಿ ನಮ್ಮ ಬೀಗರಿಗೆ!" ಎಂದು ಬಸವಂತರಾಯರು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.